ಸಿವಿಲಿಯನ್ ಬೇರೆ, ನಾನ್‌ಕಾಂಬಾಟೆಂಟ್ ಬೇರೆ, ‘ಅಮಾಯಕ’ ಮತ್ತೂ ಬೇರೆ

ಗಾಝಾದ ಸುದ್ದಿ ಬರೆಯುವಾಗ ನಮ್ಮ ಕನ್ನಡ ಪತ್ರಿಕೆಗಳು ಒಂದು ದಿನ ‘ನಾಗರಿಕರ ಸಾವು’ ಅಂತ ಬರೆಯುತ್ತವೆ. ಮರುದಿನ ‘ಅಮಾಯಕರ ಸಾವು’. ಅದರ ಮರುದಿನ ‘ಜನಸಾಮಾನ್ಯರು ಬಲಿ’. ಇಂಗ್ಲಿಷ್ ಚಾನೆಲ್ ಹಾಕಿದರೆ ಅಲ್ಲಿ ಸಿವಿಲಿಯನ್ ಅಂತಲೂ ಕೇಳುತ್ತದೆ, ನಾನ್‌ಕಾಂಬಾಟೆಂಟ್ ಅಂತಲೂ ಕೇಳುತ್ತದೆ. ಎಲ್ಲ ಒಂದೇ, ಯುದ್ಧ ಮಾಡದವರು ಅಂತ ಅರ್ಥ, ಅಷ್ಟೇ ಅಲ್ವಾ ಅಂತ ನಾವು ಮುಂದೆ ಹೋಗುತ್ತೇವೆ.

ಒಂದೇ ಅಲ್ಲ. ಸತ್ತವನ ಮೇಲೆ ಯಾವ ಹೆಸರು ಬೀಳುತ್ತದೆ ಎನ್ನುವುದರ ಮೇಲೆ ಕೊಂದವನ ಕೇಸು ನಿಲ್ಲುತ್ತದೆ ಅಥವಾ ಬೀಳುತ್ತದೆ. ಸತ್ತವನ ಮನೆಯವರು ಊರಿನಲ್ಲಿ ತಲೆ ಎತ್ತಿ ನಡೆಯಬಹುದೋ ಇಲ್ಲವೋ ಎನ್ನುವುದು ಕೂಡ ಕೆಲವೊಮ್ಮೆ ಅದರ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಈ ವಾರ ಸ್ವಲ್ಪ ಪದಗಳ ವಿಷಯ ಮಾತಾಡೋಣ.

ಯುದ್ಧಕ್ಕೆ ಎಂಥದು ಕಾನೂನು ಮಾರಾಯ್ರೆ ಅಂತ ಕೇಳುವವರು ಇದ್ದಾರೆ. ಉಂಟು. 1949ರ ಆಗಸ್ಟ್ 12ರಂದು ಜಿನೀವಾದಲ್ಲಿ ನಾಲ್ಕು ಒಪ್ಪಂದಗಳಾದವು. ಒಂದು ಭೂಸೇನೆಯ ಗಾಯಾಳುಗಳಿಗೆ, ಒಂದು ಸಮುದ್ರದಲ್ಲಿ ಗಾಯಗೊಂಡ, ಹಡಗು ಮುಳುಗಿದ ಸೈನಿಕರಿಗೆ, ಒಂದು ಯುದ್ಧಕೈದಿಗಳಿಗೆ, ನಾಲ್ಕನೆಯದು ಸಿವಿಲಿಯನ್‌ಗಳಿಗೆ. ನಮ್ಮ ದೇಶ ಈ ನಾಲ್ಕನ್ನೂ ಒಪ್ಪಿದೆ, 1960ರಲ್ಲಿ ಅದಕ್ಕೆಂದೇ ಒಂದು ಕಾಯ್ದೆಯನ್ನೂ ಮಾಡಿದೆ. ಆದರೆ ತಮಾಷೆ ನೋಡಿ, ಸಿವಿಲಿಯನ್ ಎಂದರೆ ಯಾರು ಅಂತ ಆ ನಾಲ್ಕನೆಯ ಒಪ್ಪಂದ ಬಿಡಿಸಿ ಹೇಳಲೇ ಇಲ್ಲ. ಅದನ್ನು ಹೇಳಿದ್ದು 1977ರ ಹೆಚ್ಚುವರಿ ಪ್ರೊಟೊಕಾಲ್. ಅದಕ್ಕೆ ಭಾರತ, ಅಮೆರಿಕ, ಇಸ್ರೇಲ್ ಮೂರೂ ಸೇರಿಲ್ಲ. ಆದರೂ ಸೈನಿಕನನ್ನೂ ಸೈನಿಕನಲ್ಲದವನನ್ನೂ ಬೇರೆ ಬೇರೆಯಾಗಿ ನೋಡಬೇಕು ಎನ್ನುವ ಮೂಲ ನಿಯಮ ಒಪ್ಪಂದಕ್ಕೆ ಸಹಿ ಹಾಕದವರಿಗೂ ಅನ್ವಯಿಸುತ್ತದೆ ಎಂದು ಎಲ್ಲರೂ ಒಪ್ಪುತ್ತಾರೆ.

ಆ ಪ್ರೊಟೊಕಾಲ್ ಹೇಳುವುದು ಒಂದು ಕಳೆಯುವ ಲೆಕ್ಕ. ಸಶಸ್ತ್ರ ಪಡೆಗಳಿಗೆ ಸೇರಿದವರನ್ನು ಒಂದು ಬದಿಗೆ ತೆಗೆದಿಡಿ. ಉಳಿದವರೆಲ್ಲ ಸಿವಿಲಿಯನ್. ಅಷ್ಟೇ. ಅವನು ಒಳ್ಳೆಯವನಾ, ಕೆಟ್ಟವನಾ, ಯಾವ ಪಕ್ಷಕ್ಕೆ ಓಟು ಹಾಕಿದ, ಯಾರ ಪರ ಜೈಕಾರ ಕೂಗಿದ, ಗಂಡಸಾ, ಹೆಂಗಸಾ, ಯಾವುದನ್ನೂ ಕೇಳುವುದಿಲ್ಲ. ಅಂಗಡಿಯವನು, ಮೇಷ್ಟ್ರು, ರಿಕ್ಷಾದವನು, ಪತ್ರಕರ್ತ, ಜೈಲಲ್ಲಿರುವ ಕಳ್ಳ, ಎಲ್ಲರೂ ಅದರೊಳಗೆ. ಮತ್ತೆ ಒಂದು ಮುಖ್ಯ ಮಾತು ಉಂಟು: ಒಬ್ಬ ಮನುಷ್ಯ ಸಿವಿಲಿಯನ್ ಹೌದೋ ಅಲ್ಲವೋ ಎಂಬ ಸಂಶಯ ಬಂದರೆ, ಹೌದು ಎಂದೇ ತಿಳಿಯಬೇಕು. ಅಂದರೆ ನಾನು ಸೈನಿಕ ಅಲ್ಲ ಅಂತ ಅವನು ಸಾಬೀತು ಮಾಡಬೇಕಾಗಿಲ್ಲ. ಅವನು ಸೈನಿಕ ಎಂದು ಗುರಿ ಇಡುವವನೇ ಖಚಿತ ಮಾಡಿಕೊಳ್ಳಬೇಕು.

ಇನ್ನು ನಾನ್‌ಕಾಂಬಾಟೆಂಟ್. ಪದವನ್ನು ಒಡೆದರೆ ‘ಕಾದಾಡದವನು’. ಮಾತಿನಲ್ಲಿ ಇದನ್ನು ಎಲ್ಲರಿಗೂ ಹಚ್ಚುತ್ತಾರೆ, ಸರಿ. ಆದರೆ ಕಾನೂನಿನ ಪುಸ್ತಕದಲ್ಲಿ ಇದು ಇರುವುದು ಸೈನ್ಯದ ಒಳಗೆ. 1907ರ ಹೇಗ್ ನಿಯಮಗಳಲ್ಲಿ, ಸೈನ್ಯವೆಂದರೆ ಅದರಲ್ಲಿ ಕಾದಾಡುವವರೂ ಇರಬಹುದು, ಕಾದಾಡದವರೂ ಇರಬಹುದು, ಶತ್ರುವಿನ ಕೈಗೆ ಸಿಕ್ಕಿದರೆ ಇಬ್ಬರಿಗೂ ಯುದ್ಧಕೈದಿಯ ಮರ್ಯಾದೆ ಸಿಗಬೇಕು ಎಂದಿತ್ತು. 1977ಕ್ಕೆ ಬರುವಾಗ ಈ ಗುಂಪು ಇನ್ನೂ ಸಣ್ಣದಾಯಿತು. ಸೈನ್ಯದ ವೈದ್ಯಕೀಯ ಸಿಬ್ಬಂದಿ ಮತ್ತು ಸೈನ್ಯದ ಧರ್ಮಗುರುಗಳು, ಇವರಿಬ್ಬರನ್ನು ಬಿಟ್ಟು ಪಡೆಯಲ್ಲಿರುವ ಉಳಿದವರೆಲ್ಲ ಕಾದಾಡುವವರೇ ಎಂದು ಬರೆದುಬಿಟ್ಟರು.

ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಭಾರತದ ಭೂಸೇನೆಯಲ್ಲಿ ಪಂಡಿತ, ಗ್ರಂಥಿ, ಪಾದ್ರಿ ಇದ್ದ ಹಾಗೆ ಮೌಲವಿಯ ಹುದ್ದೆಯೂ ಉಂಟು. ಧಾರ್ಮಿಕ ಶಿಕ್ಷಕ ಎಂದು ಕರೆಯುತ್ತಾರೆ, ನೇಮಕಾತಿಯ ಜಾಹೀರಾತು ಬರುವುದನ್ನು ನೀವು ನೋಡಿರಬಹುದು. ಆ ಮೌಲವಿ ಸಮವಸ್ತ್ರ ಹಾಕಿದವರು, ಸಂಬಳ ಸೈನ್ಯದ್ದು, ರ‍್ಯಾಂಕ್ ಇದೆ. ಅವರು ಸಿವಿಲಿಯನ್ ಅಲ್ಲ. ಆದರೆ ಕಾದಾಡುವವರೂ ಅಲ್ಲ. ನಾನ್‌ಕಾಂಬಾಟೆಂಟ್ ಎಂದರೆ ಸರಿಯಾಗಿ ಅವರೇ. ಸೈನ್ಯದ ಆಸ್ಪತ್ರೆಯ ಡಾಕ್ಟರ್ ಕೂಡ ಹಾಗೆಯೇ. ಅದೇ ಮಂಗಳೂರಿನ ಖಾಸಗಿ ಆಸ್ಪತ್ರೆಯ ಡಾಕ್ಟರ್ ಸಿವಿಲಿಯನ್. ಇಬ್ಬರೂ ಹೊಲಿಗೆ ಹಾಕುವುದು ಒಂದೇ ಸೂಜಿಯಲ್ಲಿ, ಆದರೆ ಕಾನೂನಿನ ಪಟ್ಟಿಯಲ್ಲಿ ಕೂರುವ ಜಾಗ ಬೇರೆ.

ಅಡುಗೆಯವನ ವಿಷಯ ಇನ್ನೂ ವಿಚಿತ್ರ. ಸೈನ್ಯಕ್ಕೆ ಭರ್ತಿಯಾದ ಅಡುಗೆಯವನು, ಜೀವಮಾನದಲ್ಲಿ ಸೌಟು ಬಿಟ್ಟು ಬೇರೇನೂ ಹಿಡಿಯದಿದ್ದರೂ, ಕಾನೂನಿನ ಪ್ರಕಾರ ಕಾಂಬಾಟೆಂಟ್. ಅದೇ ಶಿಬಿರದಲ್ಲಿ ಕಂಟ್ರಾಕ್ಟ್ ಮೇಲೆ ಪರಾಟ ಹಾಕುವವನು ಸಿವಿಲಿಯನ್. ಇದನ್ನು ಕೇಳಿ ನಗಬೇಡಿ. ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಿಗೆ ಇದು ದೂರದ ಮಾತಲ್ಲ. 2003ರ ನಂತರ ಇರಾಕ್‌ನಲ್ಲಿದ್ದ ಅಮೆರಿಕದ ಶಿಬಿರಗಳಿಗೆ ಅಡುಗೆ, ಕ್ಲೀನಿಂಗ್, ಲಾರಿ ಓಡಿಸುವ ಕೆಲಸಕ್ಕೆ ಭಾರತ, ನೇಪಾಳ, ಫಿಲಿಪ್ಪೀನ್ಸ್‌ನಿಂದ ಎಷ್ಟೋ ಹುಡುಗರು ಹೋದರು. 2004ರ ಜುಲೈನಲ್ಲಿ ಕುವೈತ್‌ನ ಒಂದು ಸಾರಿಗೆ ಕಂಪೆನಿಯ ಏಳು ಚಾಲಕರನ್ನು ಇರಾಕ್‌ನಲ್ಲಿ ಹಿಡಿದಿಟ್ಟರು, ಅದರಲ್ಲಿ ಮೂವರು ಭಾರತೀಯರು. ಸೆಪ್ಟೆಂಬರ್‌ನಲ್ಲಿ ಅವರು ಬಿಡುಗಡೆಯಾದರು. ಅದೇ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದ ಹನ್ನೆರಡು ಮಂದಿ ನೇಪಾಳಿ ಕೆಲಸಗಾರರು ಬದುಕಿ ಬರಲಿಲ್ಲ. ಅಮೆರಿಕದವರಿಗೆ ಕೆಲಸ ಮಾಡುತ್ತಾರೆ, ಹಾಗಾಗಿ ಅವರೂ ಶತ್ರುಗಳು ಎನ್ನುವುದು ಹಿಡಿದವರ ವಾದ. ಕಾನೂನು ಕೇಳುವುದು ಒಂದೇ: ಅವರು ಪಡೆಯ ಸದಸ್ಯರಾ? ಅಲ್ಲ. ಹಾಗಾದರೆ ಸಿವಿಲಿಯನ್. ಯಾರ ಸಂಬಳ ತಿನ್ನುತ್ತಾರೆ ಎಂಬುದರಿಂದ ಅದು ಬದಲಾಗುವುದಿಲ್ಲ.

ಇವೆರಡರ ಜೊತೆಗೆ ಮೂರನೆಯ ಒಂದು ಗುಂಪು ಉಂಟು. ನಿನ್ನೆಯವರೆಗೆ ಕಾದಾಡಿ ಇಂದು ಕಾದಾಡಲಾಗದವನು. ಗಾಯಗೊಂಡು ಬಿದ್ದವನು, ಕೈ ಎತ್ತಿ ಶರಣಾದವನು, ಸೆರೆ ಸಿಕ್ಕವನು. 2019ರ ಫೆಬ್ರವರಿ 27ರಂದು ನಮ್ಮ ವಾಯುಪಡೆಯ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪ್ಯಾರಾಚೂಟ್‌ನಲ್ಲಿ ಗಡಿಯ ಆಚೆ ಇಳಿದರಲ್ಲ, ಆಗ ಊರಿನವರು ಹೊಡೆದದ್ದನ್ನು ನಾವೆಲ್ಲ ವೀಡಿಯೊದಲ್ಲಿ ನೋಡಿದ್ದೇವೆ. ಅವರು ಸಿವಿಲಿಯನ್ ಅಲ್ಲ, ಮೇಲೆ ಹೇಳಿದ ಅರ್ಥದ ನಾನ್‌ಕಾಂಬಾಟೆಂಟ್ ಕೂಡ ಅಲ್ಲ. ಪಕ್ಕಾ ಯೋಧ. ಆದರೆ ವಿಮಾನ ಕಳೆದುಕೊಂಡು ಪ್ಯಾರಾಚೂಟ್‌ನಲ್ಲಿ ಇಳಿಯುವವನಿಗೆ ಇಳಿಯುವಾಗ ಗುಂಡು ಹಾರಿಸಬಾರದು, ಸೆರೆ ಸಿಕ್ಕ ಮೇಲೆ ಕೈ ಮಾಡಬಾರದು. ‘ಯುದ್ಧದಿಂದ ಹೊರಬಿದ್ದವನು’ ಎಂದು ಇಂಥವರನ್ನು ಕರೆಯಬಹುದು.

ಈ ವಿಂಗಡಣೆ ಎಲ್ಲ ವಕೀಲರ ಆಟ ಅಂತ ಅನ್ನಿಸಬಹುದು. ಹಾಗಾದರೆ ವುಕೊವಾರ್ ಕೇಸು ನೋಡಿ.

ಯುಗೊಸ್ಲಾವಿಯ ಒಡೆಯುವಾಗ ಕ್ರೊಯೇಷಿಯದ ವುಕೊವಾರ್ ಪಟ್ಟಣವನ್ನು ಮೂರು ತಿಂಗಳು ಮುತ್ತಿಗೆ ಹಾಕಿ, 1991ರ ನವೆಂಬರ್‌ನಲ್ಲಿ ಯುಗೊಸ್ಲಾವ್ ಸೈನ್ಯ ಹಿಡಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಗಾಯಾಳುಗಳಿದ್ದರು, ಸಿಬ್ಬಂದಿ ಇದ್ದರು, ಆಶ್ರಯಕ್ಕೆ ಬಂದವರಿದ್ದರು. ನವೆಂಬರ್ 20ರಂದು ಅವರಲ್ಲಿ ಸುಮಾರು ಇನ್ನೂರು ಮಂದಿಯನ್ನು ಪ್ರತ್ಯೇಕಿಸಿ, ಬಸ್ಸುಗಳಲ್ಲಿ ಒವ್ಚಾರ ಎಂಬ ಫಾರ್ಮ್‌ಗೆ ಕೊಂಡೊಯ್ದು, ಹೊಡೆದು, ರಾತ್ರಿಯಲ್ಲಿ ಗುಂಡಿಕ್ಕಿ ಕೊಂದು ಒಂದೇ ಗುಂಡಿಯಲ್ಲಿ ಹೂಳಿದರು. ಹೇಗ್‌ನ ನ್ಯಾಯಾಲಯದಲ್ಲಿ ಸೇನಾಧಿಕಾರಿ ಮಿಲೆ ಮ್ರಕ್ಷಿಚ್ ಮತ್ತು ಇನ್ನಿಬ್ಬರ ಮೇಲೆ ಕೇಸು ನಡೆಯಿತು. 2007ರಲ್ಲಿ ತೀರ್ಪು ಬಂತು. ಮ್ರಕ್ಷಿಚ್‌ಗೆ 20 ವರ್ಷ ಶಿಕ್ಷೆ. ಆದರೆ ಶಿಕ್ಷೆ ಆದದ್ದು ಯುದ್ಧಾಪರಾಧಕ್ಕೆ ಮಾತ್ರ. ಮನುಕುಲದ ವಿರುದ್ಧದ ಅಪರಾಧ ಎಂಬ ಇನ್ನೊಂದು ಆರೋಪ ಇತ್ತಲ್ಲ, ಅದು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ? ಆ ಅಪರಾಧ ಸಾಬೀತಾಗಲು ಸಿವಿಲಿಯನ್ ಜನರ ಮೇಲೆ ನಡೆದ ದಾಳಿಯ ಭಾಗವಾಗಿ ಕೊಲೆ ನಡೆದಿರಬೇಕು. ಇಲ್ಲಿ ಕೊಂದವರು ಅವರನ್ನು ಆರಿಸಿದ್ದು ಕ್ರೊಯೇಷಿಯದ ಪಡೆಯವರು ಎಂದು ತಿಳಿದು. ಸತ್ತವರು ಬಹುಪಾಲು ಯುದ್ಧದಿಂದ ಹೊರಬಿದ್ದ ಹೋರಾಟಗಾರರು, ಸಿವಿಲಿಯನ್‌ಗಳಲ್ಲ ಎಂದಿತು ನ್ಯಾಯಾಲಯ. ಗಾಯಗೊಂಡು ಆಸ್ಪತ್ರೆಯ ಹಾಸಿಗೆಯಲ್ಲಿದ್ದವನು ಕಾದಾಡುತ್ತಿರಲಿಲ್ಲ, ಕಾದಾಡಲು ಸಾಧ್ಯವೂ ಇರಲಿಲ್ಲ. ಆದರೂ ಕಾದಾಡದೆ ಇದ್ದ ಮಾತ್ರಕ್ಕೆ ಅವನು ಸಿವಿಲಿಯನ್ ಆಗಿಬಿಡುವುದಿಲ್ಲ. 2009ರಲ್ಲಿ ಮೇಲ್ಮನವಿ ಪೀಠ ಬೇರೆ ದಾರಿಯಿಂದ ಯೋಚಿಸಿತು. ಸಿವಿಲಿಯನ್ ಜನರ ಮೇಲಿನ ದಾಳಿಯ ಭಾಗವಾಗಿದ್ದರೆ ಸಾಕು, ಸತ್ತ ಒಬ್ಬೊಬ್ಬನೂ ಸಿವಿಲಿಯನ್ ಆಗಿರಲೇಬೇಕು ಅಂತ ಇಲ್ಲ ಎಂದಿತು. ಆದರೂ ಈ ಕೊಲೆಗಳು ಆ ದಾಳಿಯ ಭಾಗ ಎಂದು ತೋರುವುದಿಲ್ಲ ಎಂದು ಬಿಡುಗಡೆಯನ್ನೇ ಉಳಿಸಿತು. ಕೊಲೆ ಕೊಲೆಯೇ, ಶಿಕ್ಷೆಯೂ ಆಯಿತು, ಸರಿ. ಆದರೆ ಇನ್ನೂರು ಕುಟುಂಬಗಳಿಗೆ ಆ ಅಪರಾಧದ ಹೆಸರು ಬೇಕಿತ್ತು. ಎರಡು ಪದಗಳ ನಡುವಿನ ಸಂದಿನಲ್ಲಿ ಅದು ಕಳೆದುಹೋಯಿತು.

ಇದಾಗಿ ನಾಲ್ಕು ವರ್ಷಕ್ಕೆ ಪಕ್ಕದ ಬೊಸ್ನಿಯದಲ್ಲಿ ಸ್ರೆಬ್ರೆನಿಚಾ. ಆ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು, ವಿವರ ಕಡಿಮೆ ಮಂದಿಗೆ ಗೊತ್ತು. 1993ರಲ್ಲಿ ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶ ಎಂದು ಘೋಷಿಸಿತ್ತು, ಡಚ್ ಸೈನಿಕರು ಕಾವಲಿದ್ದರು. 1995ರ ಜುಲೈ 11ರಂದು ರಾಟ್ಕೊ ಮ್ಲಾಡಿಚ್‌ನ ಬೊಸ್ನಿಯನ್ ಸರ್ಬ್ ಪಡೆ ಪಟ್ಟಣದೊಳಗೆ ನುಗ್ಗಿತು. ಸಾವಿರಾರು ಜನ ಪೊಟೊಚಾರಿಯ ಡಚ್ ಶಿಬಿರಕ್ಕೆ ಓಡಿದರು. ಅಲ್ಲಿ ಹೆಂಗಸರು, ಮಕ್ಕಳು, ಮುದುಕರನ್ನು ಬಸ್ಸು ಹತ್ತಿಸಿ ಆಚೆ ಕಳಿಸಿದರು. ಗಂಡಸರನ್ನು, ಹದಿಹರೆಯದ ಹುಡುಗರನ್ನೂ ಸೇರಿಸಿ, ಬದಿಗೆ ನಿಲ್ಲಿಸಿದರು. ಯುದ್ಧಾಪರಾಧಿಗಳು ಯಾರಾದರೂ ಇದ್ದಾರಾ ಅಂತ ಪರಿಶೀಲಿಸಲಿಕ್ಕೆ ಎಂದು ಹೇಳಿದರು. ಇನ್ನೊಂದು ಕಡೆ ಹತ್ತು ಹದಿನೈದು ಸಾವಿರ ಗಂಡಸರ ಒಂದು ಸಾಲು ಕಾಡಿನ ದಾರಿಯಲ್ಲಿ ತುಜ್ಲಾ ಕಡೆಗೆ ಹೊರಟಿತ್ತು. ಅವರಲ್ಲಿ ಬಂದೂಕು ಇದ್ದ ಸೈನಿಕರೂ ಇದ್ದರು, ಬರಿಗೈಯ ರೈತರು, ಮೇಷ್ಟ್ರುಗಳೂ ಇದ್ದರು. ಸಿಕ್ಕವರನ್ನೆಲ್ಲ ಕೊಂದರು. ಎಲ್ಲ ಸೇರಿ 8,000ಕ್ಕೂ ಹೆಚ್ಚು.

ಇಲ್ಲಿ ಗಮನಿಸಬೇಕಾದದ್ದು ಆ ಬಸ್ಸುಗಳು. ‘ಹೆಂಗಸರು ಮತ್ತು ಮಕ್ಕಳು’ ಎಂದರೆ ಕಾದಾಡದವರು, ಗಂಡಸು ಎಂದರೆ ಕಾದಾಡುವವನು ಎನ್ನುವ ಹಳೆಯ ಲೆಕ್ಕವನ್ನೇ ಅವರು ಅಲ್ಲಿ ನಡೆಸಿದ್ದು. ಹೆಂಗಸರನ್ನು ಬಿಟ್ಟೆವಲ್ಲ, ನಾವು ನಿಯಮ ಪಾಲಿಸಿದೆವಲ್ಲ ಎಂಬ ತೋರಿಕೆ. ಆ ಗಂಡಸರಲ್ಲಿ ಪಡೆಗೆ ಸೇರದವರು ಸಿವಿಲಿಯನ್‌ಗಳು. ಪಡೆಗೆ ಸೇರಿದ್ದವರು ಸೆರೆ ಸಿಕ್ಕ ಕ್ಷಣದಿಂದ ಯುದ್ಧದ ಹೊರಗೆ. ಯಾರನ್ನೂ ಮುಟ್ಟುವಂತಿರಲಿಲ್ಲ. ಇದು ಜನಾಂಗ ಹತ್ಯೆ ಎಂದು 2001ರಲ್ಲಿ ಹೇಗ್‌ನ ಅದೇ ನ್ಯಾಯಾಲಯ, 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿದವು. ಮ್ಲಾಡಿಚ್‌ಗೆ 2017ರಲ್ಲಿ ಜೀವಾವಧಿ ಆಯಿತು. ಇಷ್ಟಾದರೂ ನಾವು ಈಗಲೂ ಗಾಝಾದ ಬಗ್ಗೆ ‘ಹೆಂಗಸರು, ಮಕ್ಕಳು ಸೇರಿ ಇಷ್ಟು ಮಂದಿ’ ಅಂತ ಬರೆಯುತ್ತೇವೆ. ಬರೆಯಬಾರದು ಅಂತಲ್ಲ. ಆದರೆ ಆ ಸಾಲಿನಲ್ಲಿ ಬಾರದ ಮೂವತ್ತೈದು ವರ್ಷದ ಬೇಕರಿಯವನು ಎಲ್ಲಿ ಹೋದ? ಅವನು ಹೋರಾಟಗಾರ ಅಂತ ನಾವೇ ಒಪ್ಪಿಕೊಟ್ಟ ಹಾಗೆ ಆಗುವುದಿಲ್ಲವಾ?

ಅಮೆರಿಕ ಇದನ್ನು ಲೆಕ್ಕದ ಪದ್ಧತಿಯನ್ನಾಗಿಯೇ ಮಾಡಿಕೊಂಡಿತ್ತು. ಡ್ರೋನ್ ದಾಳಿ ನಡೆದ ಜಾಗದಲ್ಲಿದ್ದ, ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರೆಲ್ಲರನ್ನೂ ಹೋರಾಟಗಾರರೆಂದೇ ಎಣಿಸುತ್ತಾರೆ, ಸತ್ತ ಮೇಲೆ ಅಮಾಯಕ ಅಂತ ಮಾಹಿತಿ ಸಿಕ್ಕಿದರೆ ಮಾತ್ರ ಬಿಡುತ್ತಾರೆ ಎಂದು 2012ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಸತ್ತ ಮೇಲೆ ಸಾಬೀತು ಮಾಡಲಿಕ್ಕೆ ಯಾರು ಬರುತ್ತಾರೆ?

‘ಅಮಾಯಕ’ ಎಂಬ ಪದದ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೇಳಲಿಕ್ಕೆ ಕರುಣೆಯ ಪದ. ಆದರೆ ಅದು ಸತ್ತವನ ಹತ್ತಿರ ಸರ್ಟಿಫಿಕೇಟ್ ಕೇಳುತ್ತದೆ. ಅವನು ನಿಜಕ್ಕೂ ಅಮಾಯಕನಾ? ಅವನ ಅಣ್ಣ ಯಾರು? ಫೇಸ್‌ಬುಕ್‌ನಲ್ಲಿ ಏನು ಹಾಕಿದ್ದ? ಗಡ್ಡ ಯಾಕೆ ಬಿಟ್ಟಿದ್ದ? ಸಿವಿಲಿಯನ್ ಎಂಬ ಪದಕ್ಕೆ ಈ ಪ್ರಶ್ನೆಗಳೇ ಇಲ್ಲ. ಪುಂಡನೂ ಸಿವಿಲಿಯನ್, ಸಾಲಗಾರನೂ ಸಿವಿಲಿಯನ್, ಶತ್ರುವಿಗೆ ಗೆಲುವಾಗಲಿ ಅಂತ ಮನಸ್ಸಲ್ಲೇ ಬೇಡಿಕೊಂಡವನೂ ಸಿವಿಲಿಯನ್.

2025ರ ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಜಮ್ಮುವಿನ ಪೂಂಛ್‌ನಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಸಿಖ್ಖರು, ಮುಸ್ಲಿಮರು, ಮಕ್ಕಳು. ಸತ್ತವರಲ್ಲಿ ಒಬ್ಬರು ಅಲ್ಲಿನ ಮದ್ರಸವೊಂದರ ಅಧ್ಯಾಪಕ. ಮಯ್ಯತ್ ಮನೆಯಲ್ಲಿರುವಾಗಲೇ ಕೆಲವು ಟಿವಿ ಚಾನೆಲ್‌ಗಳು ಅವರ ಫೋಟೊ ಹಾಕಿ, ಭಾರತದ ದಾಳಿಯಲ್ಲಿ ಸತ್ತ ಭಯೋತ್ಪಾದಕ ಎಂದು ತೋರಿಸಿಬಿಟ್ಟವು. ಪೂಂಛ್ ಪೊಲೀಸರೇ ಹೇಳಿಕೆ ಕೊಟ್ಟು ಇದು ಸುಳ್ಳು, ಅವರು ಊರಿನ ಗೌರವಸ್ಥ ಧಾರ್ಮಿಕ ವ್ಯಕ್ತಿ ಎಂದು ಹೇಳಬೇಕಾಯಿತು. ಶತ್ರುವಿನ ಶೆಲ್‌ಗೆ ಸತ್ತ ಈ ದೇಶದ ಸಿವಿಲಿಯನ್ ಆತ. ಅವನು ಆಗಲೇ ಏನಾಗಿದ್ದನೋ ಅದನ್ನು ಹೇಳಲು ಪೊಲೀಸರ ಪ್ರಮಾಣಪತ್ರ ಬೇಕಾಯಿತು. ಗಡ್ಡ, ಟೋಪಿ, ಮದ್ರಸ, ಇಷ್ಟರಿಂದಲೇ ಅವನು ಸಂಶಯದ ಆ ಬದಿಗೆ ಹೋಗಿಬಿಟ್ಟ. ಸಂಶಯ ಬಂದರೆ ಸಿವಿಲಿಯನ್ ಎಂದೇ ತಿಳಿಯಬೇಕು ಎನ್ನುವುದು ಸೈನಿಕನಿಗೆ ಹೇಳಿದ ನಿಯಮ. ಸ್ಟುಡಿಯೋದಲ್ಲಿ ಕೂತವನಿಗೆ ಅಷ್ಟೂ ಕಷ್ಟ ಇರಲಿಲ್ಲ, ಒಂದು ಫೋನು ಮಾಡಿದ್ದರೆ ಸಾಕಿತ್ತು.

ಈಗ ಕಹಿಯಾದ ಮಾತು. ಈ ಅಳತೆಗೋಲನ್ನು ನಾವು ಕೂಡ ಒಂದೇ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಇಸ್ರೇಲ್‌ನಲ್ಲಿ ಎಲ್ಲರೂ ಸೈನ್ಯಕ್ಕೆ ಹೋಗಲೇಬೇಕು, ಆದ್ದರಿಂದ ಅಲ್ಲಿ ಸಿವಿಲಿಯನ್ ಅಂತ ಯಾರೂ ಇಲ್ಲ ಎಂಬ ಮಾತು ಜುಮಾ ಮುಗಿಸಿ ಪಳ್ಳಿಯ ಹೊರಗೆ ನಿಂತಲ್ಲಿ, ಕ್ಯಾಂಟೀನಿನಲ್ಲಿ, ಫಾರ್ವರ್ಡ್ ಮೆಸೇಜುಗಳಲ್ಲಿ ಓಡಾಡುತ್ತದೆ. ಅದು ತಪ್ಪು. ಕಡ್ಡಾಯ ಸೇವೆ ಮುಗಿಸಿ ಮನೆಗೆ ಬಂದವನು, ಕರೆ ಬರುವವರೆಗೆ ಪಡೆಯ ಸದಸ್ಯನಲ್ಲ, ಅವನು ಸಿವಿಲಿಯನ್. ಮುಂದೆ ಸೈನ್ಯಕ್ಕೆ ಹೋಗಲಿರುವ ಹದಿನೇಳರ ಹುಡುಗಿ ಸಿವಿಲಿಯನ್. 2023ರ ಅಕ್ಟೋಬರ್ 7ರಂದು ಸತ್ತ ಸುಮಾರು 1,200 ಜನರಲ್ಲಿ ಹೆಚ್ಚಿನವರು ಅಂಥವರು, ಸಂಗೀತ ಮೇಳಕ್ಕೆ ಬಂದವರು, ಮನೆಯಲ್ಲಿ ಮಲಗಿದ್ದವರು. ಕಾವಲು ಠಾಣೆಯಲ್ಲಿದ್ದ ಸೈನಿಕನನ್ನು ಹಿಡಿದದ್ದಕ್ಕೂ ಮನೆಯಿಂದ ಅಜ್ಜಿಯನ್ನು ಎತ್ತಿಕೊಂಡು ಹೋದದ್ದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಒತ್ತೆಯಾಳು ಎನ್ನುತ್ತಾರೆ, ಅದಕ್ಕೆ ಯಾವ ಕಾನೂನಿನಲ್ಲೂ ಜಾಗ ಇಲ್ಲ.

ಗಾಝಾದಲ್ಲಿ ಅಮಾಯಕರೇ ಇಲ್ಲ, ಎಲ್ಲರೂ ಹಮಾಸ್‌ಗೆ ಓಟು ಹಾಕಿದವರು ಎಂಬ ಆ ಕಡೆಯ ಮಾತಿನ ತಿರುಗಾಮುರುಗಾ ಪ್ರತಿಯೇ ಇದು. ಆ ಓಟು ನಡೆದದ್ದು 2006ರಲ್ಲಿ. ಅಲ್ಲಿನ ಅರ್ಧ ಜನಸಂಖ್ಯೆಯ ಹತ್ತಿರ ಇರುವ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಅದು ಹಾಗಿರಲಿ, ಓಟು ಹಾಕಿದ್ದರೂ ಸಿವಿಲಿಯನ್ನೇ. ಗಾಝಾದ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಸತ್ತವರ ಸಂಖ್ಯೆ 60 ಸಾವಿರ ದಾಟಿದೆ. ಆ ಪಟ್ಟಿಯಲ್ಲಿ ಹೋರಾಟಗಾರ, ಸಿವಿಲಿಯನ್ ಅಂತ ವಿಂಗಡಣೆ ಇಲ್ಲ, ಇರುವುದು ಹೆಸರು, ವಯಸ್ಸು, ಗಂಡು ಹೆಣ್ಣು. ವಿಂಗಡಣೆ ಇಲ್ಲದ ಜಾಗವನ್ನು ಪ್ರತಿಯೊಬ್ಬನೂ ತನಗೆ ಬೇಕಾದ ಪದದಿಂದ ತುಂಬಿಸುತ್ತಿದ್ದಾನೆ.

ಸಿವಿಲಿಯನ್ ಆದವನು ಬಂದೂಕು ಹಿಡಿದರೆ? ಹಿಡಿದಿರುವಷ್ಟು ಹೊತ್ತು ಅವನ ರಕ್ಷಣೆ ಹೋಗುತ್ತದೆ. ನೇರವಾಗಿ ಕಾದಾಟದಲ್ಲಿ ಪಾಲ್ಗೊಂಡರೆ ಅಂತ ಕಾನೂನಿನ ಮಾತು. ಊಟ ಕೊಟ್ಟದ್ದು, ಸುದ್ದಿ ಬರೆದದ್ದು, ಘೋಷಣೆ ಕೂಗಿದ್ದು ನೇರ ಅಲ್ಲ. ಮದ್ದುಗುಂಡಿನ ಲಾರಿ ರಣರಂಗಕ್ಕೆ ಓಡಿಸಿದ್ದು ನೇರವಾ ಎಂಬುದರಲ್ಲಿ ಕಾನೂನು ಪಂಡಿತರಿಗೇ ಜಗಳ ಉಂಟು. ಪೊಲೀಸರ ವಿಷಯದಲ್ಲಿಯೂ ಜಗಳ. 2008ರ ಡಿಸೆಂಬರ್ 27ರಂದು ಇಸ್ರೇಲ್ ಗಾಝಾದ ಪೊಲೀಸ್ ಠಾಣೆಗಳ ಮೇಲೆ ಬಾಂಬ್ ಹಾಕಿತು. ಪೊಲೀಸರೆಲ್ಲ ಹಮಾಸ್ ಪಡೆಯೇ ಎಂದು ಇಸ್ರೇಲ್‌ನ ವಾದ. ವಿಶ್ವಸಂಸ್ಥೆಯ ಗೋಲ್ಡ್‌ಸ್ಟೋನ್ ಸಮಿತಿ, ಕೆಲವರು ಸಶಸ್ತ್ರ ಗುಂಪುಗಳಲ್ಲಿ ಇದ್ದಿರಬಹುದಾದರೂ ಪೊಲೀಸ್ ಇಲಾಖೆ ಸಿವಿಲಿಯನ್ ಸಂಸ್ಥೆಯೇ ಎಂದಿತು.

ನಮ್ಮ ಪರಂಪರೆಯಲ್ಲಿ ಈ ಮಾತು ಇಲ್ಲವೇ ಅಂತ ಕೇಳುವವರಿಗೆ: ಉಂಟು, ಆದರೆ ಅದು ‘ಕಾದಾಡದವನು’ ಎಂಬ ಪದದ ಬದಿಗೆ ಹತ್ತಿರ. ಒಂದು ಯುದ್ಧದಲ್ಲಿ ಸತ್ತು ಬಿದ್ದ ಹೆಂಗಸೊಬ್ಬಳನ್ನು ಕಂಡು ಪ್ರವಾದಿಯವರು, ಈಕೆ ಕಾದಾಡುವವಳಾಗಿರಲಿಲ್ಲವಲ್ಲ ಎಂಬರ್ಥದ ಮಾತು ಹೇಳಿ, ಹೆಂಗಸರನ್ನೂ ಕೂಲಿಯಾಳನ್ನೂ ಕೊಲ್ಲಬಾರದು ಎಂದು ಖಾಲಿದ್‌ರಿಗೆ ಹೇಳಿಕಳಿಸಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಅಬೂಬಕರ್ ಸಿದ್ದೀಕರು ಶಾಮ್‌ಗೆ ಹೊರಟ ಪಡೆಗೆ ಕೊಟ್ಟ ಸೂಚನೆಗಳಲ್ಲಿ ಮುದುಕರು, ಮಕ್ಕಳು, ಮಠಗಳಲ್ಲಿರುವ ಸನ್ಯಾಸಿಗಳು ಬರುತ್ತಾರೆ, ಹಣ್ಣಿನ ಮರವೂ ಬರುತ್ತದೆ. ಇಲ್ಲಿ ಕೂಲಿಯಾಳು ಬಂದದ್ದು ನೋಡಿ. ಅವನು ಗಂಡಸು, ಸೈನ್ಯದ ಹಿಂದೆಯೇ ಇದ್ದವನು, ಆದರೂ ಅವನ ಕೆಲಸ ಕಾದಾಡುವುದಲ್ಲ. ಇರಾಕ್‌ಗೆ ಹೋದ ನಮ್ಮ ಲಾರಿ ಹುಡುಗರಿಗೆ ಅವನೇ ಹಿರಿಯಣ್ಣ. ಮದ್ಸ್‌ಹಬ್‌ಗಳ ನಡುವೆ ಈ ಪಟ್ಟಿಯ ಬಗ್ಗೆ ಅಭಿಪ್ರಾಯಭೇದ ಇದೆ, ಆ ವಿವರವನ್ನು ಉಸ್ತಾದರಲ್ಲಿ ಕೇಳುವುದು ಒಳ್ಳೆಯದು.

ಇವತ್ತಿನ ಅರಬಿ ಚಾನೆಲ್‌ಗಳು ಸಿವಿಲಿಯನ್‌ಗೆ ಬಳಸುವ ಪದ ಏನು ಗೊತ್ತಾ? ಮದನಿ. ಹೌದು, ಉಳ್ಳಾಲದ ಮದನಿಯೇ. ನಮಗೆ ಮದನಿ ಎಂದರೆ ದರ್ಗಾ ನೆನಪಾಗುತ್ತದೆ, ಅಥವಾ ಹೆಸರಿನ ಹಿಂದೆ ಮದನಿ ಎಂದು ಬರೆಯುವ ಉಸ್ತಾದರು. ಮದೀನಕ್ಕೆ ಸೇರಿದವನು ಎಂದು ಒಂದು ಅರ್ಥ. ಮದೀನ ಎಂದರೆ ಪಟ್ಟಣವೂ ಆದ್ದರಿಂದ, ಪಟ್ಟಣದವನು, ಸೈನಿಕನಲ್ಲದವನು ಎಂದು ಇನ್ನೊಂದು. ಕನ್ನಡದ ನಾಗರಿಕ ಕೂಡ ನಗರದಿಂದಲೇ ಬಂದದ್ದು, ಇಂಗ್ಲಿಷಿನ ಪದದ ಬೇರಿನಲ್ಲಿರುವುದೂ ಊರಿನವ ಎಂಬ ಲ್ಯಾಟಿನ್ ಶಬ್ದ. ಮೂರೂ ಭಾಷೆಯವರು ಒಂದೇ ದಾರಿಯಲ್ಲಿ ನಡೆದಿದ್ದಾರೆ.

ಆದರೆ ಕನ್ನಡಕ್ಕೆ ಒಂದು ತೊಂದರೆ ಉಂಟು. ನಾಗರಿಕ ಎಂದರೆ ಈ ದೇಶದ ಪ್ರಜೆ. ನಾಗರಿಕ ಎಂದರೆ ಸಭ್ಯ, ಅನಾಗರಿಕ ಎಂದರೆ ಕಾಡುಮನುಷ್ಯ. ಸಿವಿಲಿಯನ್ ಎಂಬ ಮೂರನೆಯ ಭಾರವನ್ನೂ ಅದರ ತಲೆಗೇ ಹೊರಿಸಿದ್ದೇವೆ. 1990ರಲ್ಲಿ ಸದ್ದಾಂ ಹುಸೇನ್ ಕುವೈತ್‌ಗೆ ನುಗ್ಗಿದಾಗ ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಕಥೆ ಈಗಲೂ ಉಂಟು. ಅವರು ಕುವೈತ್‌ನ ನಾಗರಿಕರಾ? ಅಲ್ಲ, ಪಾಸ್‌ಪೋರ್ಟ್ ಭಾರತದ್ದು. ಸಿವಿಲಿಯನ್‌ಗಳಾ? ನೂರಕ್ಕೆ ನೂರು. 2015ರಲ್ಲಿ ಯಮನ್‌ನಿಂದ ಬಂದ 4,600ಕ್ಕೂ ಹೆಚ್ಚು ಭಾರತೀಯರದ್ದೂ ಇದೇ ಕಥೆ. ‘ಯಮನ್‌ನಲ್ಲಿ ನಾಗರಿಕರ ರಕ್ಷಣೆ’ ಎಂದು ಬರೆದರೆ ಯಾರನ್ನು ರಕ್ಷಿಸಿದ್ದು ಅಂತ ಓದಿದವನಿಗೆ ಗೊತ್ತಾಗುವುದಿಲ್ಲ. ಪೌರತ್ವದ ಕಾಗದ ಇಲ್ಲದ ರೋಹಿಂಗ್ಯನ ಮೇಲೆ ಬಾಂಬ್ ಬಿದ್ದರೆ ಆ ಪದ ಇನ್ನೂ ವಿಚಿತ್ರ. ಅವನು ಯಾವ ದೇಶದ ನಾಗರಿಕನೂ ಅಲ್ಲ ಎಂದು ಸರ್ಕಾರ ಹೇಳಬಹುದು. ಸಿವಿಲಿಯನ್ ಅಲ್ಲ ಎನ್ನಲು ಯಾವ ಸರ್ಕಾರಕ್ಕೂ ಆಗುವುದಿಲ್ಲ, ಆ ಹಕ್ಕಿಗೆ ಪಾಸ್‌ಪೋರ್ಟ್ ಬೇಡ.

ಆದ್ದರಿಂದ ಪತ್ರಿಕೆಯ ಸುದ್ದಿಮನೆಯವರಲ್ಲಿ ಒಂದು ವಿನಂತಿ. ಸಿವಿಲಿಯನ್‌ಗೆ ‘ಸೈನಿಕೇತರ’ ಎಂದು ಬರೆಯಿರಿ. ಸೈನ್ಯದ ಡಾಕ್ಟರ್, ಸೈನ್ಯದ ಮೌಲವಿ, ಪಾದ್ರಿ ಬಂದಾಗ ‘ಕಾದಾಡದ ಸೈನ್ಯ ಸಿಬ್ಬಂದಿ’. ಶರಣಾದವನಿಗೆ, ಗಾಯಗೊಂಡವನಿಗೆ ‘ಯುದ್ಧದಿಂದ ಹೊರಬಿದ್ದ ಸೈನಿಕ’. ಇಂತಹ ಪಡೆಯ ಇಷ್ಟು ಹೋರಾಟಗಾರರು ಸತ್ತರು ಎಂದು ಯಾವುದಾದರೂ ಸೈನ್ಯ ಹೇಳಿಕೆ ಕೊಟ್ಟರೆ, ‘ಎಂದು ಸೈನ್ಯ ಹೇಳಿದೆ’ ಎಂಬ ಬಾಲವನ್ನು ಕತ್ತರಿಸಬೇಡಿ. ‘ಅಮಾಯಕ’ವನ್ನು ಸಂಪಾದಕೀಯಕ್ಕೂ ಶ್ರದ್ಧಾಂಜಲಿಗೂ ಇಟ್ಟುಕೊಳ್ಳಿ, ಸುದ್ದಿಗೆ ಬೇಡ. ಶೀರ್ಷಿಕೆಯಲ್ಲಿ ಜಾಗ ಸಾಲುವುದಿಲ್ಲ ಎಂಬ ಉತ್ತರ ಬರುತ್ತದೆ ಅಂತ ಗೊತ್ತು. ಎಣಿಸಿ ನೋಡಿದೆ. ನಾಗರಿಕ ನಾಲ್ಕಕ್ಷರ, ಅಮಾಯಕ ನಾಲ್ಕಕ್ಷರ, ಸೈನಿಕೇತರ ಐದು.